ಕೊನೆಯ ಕೋರಸ್‌ನಲ್ಲೇ ಗಂಟಲು ಕೈಕೊಡುವುದು ಯಾಕೆ?

ಕಾಲೇಜು ಫೆಸ್ಟ್‌ಗೆ ತಂಡ ಕಟ್ಟಿಕೊಂಡವರು, ಕರೋಕೆ ಗುಂಪಿನವರು, ಅಮೆರಿಕದ ಐವರ ಪಾಪ್ ತಂಡ ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ 'ಐ ವಾಂಟ್ ಇಟ್ ದಟ್ ವೇ' ಆರಿಸಿಕೊಂಡ ಮೇಲೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಶುರುವಿನಲ್ಲಿ ಆರಾಮಾಗಿ ಹಾಡ್ತೀವಿ, ಕೊನೇ ಕೋರಸ್‌ಗೆ ಬಂದಾಗ ಕಿರುಚಾಟ ಆಗಿಬಿಡುತ್ತೆ. ಪ್ರಾಕ್ಟೀಸ್ ಸಾಲದಾ?"

ಪ್ರಾಕ್ಟೀಸಿನ ಕೊರತೆ ಅಲ್ಲ. ಹಾಡಿನ ಶ್ರುತಿಯೇ ಅಲ್ಲಿ ಮೇಲಕ್ಕೆ ಏರುತ್ತದೆ. ಅಲ್ಲಿಯವರೆಗೆ ಎ ಮೇಜರ್‌ನಲ್ಲಿದ್ದದ್ದು ಬಿ ಮೇಜರ್ ಆಗುತ್ತದೆ; ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರರಿಂದ ಬಿಳಿ ಏಳಕ್ಕೆ, ಅಂದರೆ ಎರಡು ಸೆಮಿಟೋನ್ (ಬಿಳಿ, ಕಪ್ಪು ಎರಡನ್ನೂ ಎಣಿಸಿದರೆ ಪಕ್ಕಪಕ್ಕದ ಎರಡು ಮನೆಗಳ ಅಂತರವೇ ಒಂದು ಸೆಮಿಟೋನ್). ಕೇಳುವವರಿಗೆ ಮೈ ಜುಮ್ಮೆನ್ನುವ ಜಾಗ ಅದು. ಹಾಡುವವರಿಗೆ ಮಾತ್ರ, ಮೂರು ನಿಮಿಷದ ಹತ್ತಿರ ಹಾಡಿ ದಣಿದ ಗಂಟಲಲ್ಲಿ ಅದೇ ಎತ್ತರದ ಸಾಲನ್ನು ಇನ್ನೂ ಎತ್ತರಕ್ಕೆ ಒಯ್ಯುವ ಕೆಲಸ. ಹಾಗಾಗಿ ನನ್ನ ಉತ್ತರ ಇಷ್ಟೇ: ಸ್ಕೇಲ್ (ಹಾಡುವ ಶ್ರುತಿ) ಆರಿಸುವಾಗ ಮೊದಲ ಸಾಲು ಹಾಡಿ ನೋಡಬೇಡಿ, ಕೊನೆಯ ಕೋರಸ್ ಹಾಡಿ ನೋಡಿ.

ನೋಡುವ ಕ್ರಮ ಹೀಗೆ. ಕೀಬೋರ್ಡ್‌ನಲ್ಲಿ ಬಿ ಮೇಜರ್ ಒತ್ತಿ, ಕೊನೆಯ ಸೋಲೋ ಯಾರ ಪಾಲಿಗಿದೆಯೋ ಅವರಿಂದ ಆ ಕೋರಸ್ ಅನ್ನು ನಿಂತುಕೊಂಡು, ಪೂರ್ತಿ ದನಿಯಲ್ಲಿ, ನಡುವೆ ನೀರು ಕುಡಿಯದೆ ಮೂರು ಸಲ ಹಾಡಿಸಿ. ಮೂರನೇ ಸಲಕ್ಕೆ ಗದ್ದ ಮೇಲೇಳುತ್ತಿದ್ದರೆ, ಕತ್ತಿನ ನರ ಉಬ್ಬುತ್ತಿದ್ದರೆ ಆ ಸ್ಕೇಲ್ ಅವರದಲ್ಲ. ಎರಡು ಸೆಮಿಟೋನ್ ಇಳಿಸಿ. ಆಗ ಹಾಡು ಬಿಳಿ ಐದರಲ್ಲಿ ಶುರುವಾಗಿ ಬಿಳಿ ಆರಕ್ಕೆ ಮುಗಿಯುತ್ತದೆ. ಒರಿಜಿನಲ್ ಶುರುವಾಗುವ ಶ್ರುತಿಯೇ ನಿಮ್ಮ ಕೊನೆಯ ಶ್ರುತಿ. ಹೆಚ್ಚಿನ ಹುಡುಗರ ಗಂಟಲಿಗೆ ಇದು ಸಾಕು. ಭಯಕ್ಕೆ ಐದಾರು ಸೆಮಿಟೋನ್ ಇಳಿಸುವವರಿದ್ದಾರೆ. ಆಗ ಕೊನೆ ಸಲೀಸು, ಆದರೆ ಮೊದಲ ಚರಣ ಗೊಣಗಿದಂತಾಗುತ್ತದೆ. ಹುಡುಗಿಯರೇ ಹಾಡುವುದಾದರೆ ಮೂರು ಸೆಮಿಟೋನ್ ಏರಿಸಿ, ಬಿಳಿ ಒಂದರಿಂದ ಪ್ರಯತ್ನ ಶುರು ಮಾಡುವುದು ಒಳ್ಳೆಯದು.

ಕರೋಕೆ ಟ್ರ್ಯಾಕ್ ಶ್ರುತಿ ಇಳಿಸಲು ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. 'ಚೇಂಜ್ ಪಿಚ್'ನಲ್ಲಿ ಸೆಮಿಟೋನ್ ಜಾಗಕ್ಕೆ ಮೈನಸ್ ಎರಡು ಕೊಡಿ. 'ಚೇಂಜ್ ಸ್ಪೀಡ್ ಆ್ಯಂಡ್ ಪಿಚ್' (ಹಳೆಯ ಆವೃತ್ತಿಗಳಲ್ಲಿ 'ಚೇಂಜ್ ಸ್ಪೀಡ್') ಮುಟ್ಟಬೇಡಿ. ಶ್ರುತಿಯ ಜೊತೆ ವೇಗವೂ ಇಳಿದು, ನಿಮಿಷಕ್ಕೆ 99 ಬೀಟ್‌ನ ಹಾಡು 88ರ ಆಸುಪಾಸಿನಲ್ಲಿ ತೆವಳುತ್ತದೆ.

ಸಂಗೀತ ಕಲಿತವರು ಎಡವುವ ಜಾಗವೇ ಬೇರೆ. ಗಿಟಾರ್ ಮೊದಲು ನುಡಿಸುವುದು ಎಫ್ ಶಾರ್ಪ್ ಮೈನರ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು). ಅದನ್ನು ಕೇಳಿದ ಕೂಡಲೇ ಶ್ರುತಿಪೆಟ್ಟಿಗೆಯನ್ನು ಕಪ್ಪು ಮೂರಕ್ಕೆ, ಅಂದರೆ ಎಫ್ ಶಾರ್ಪ್‌ಗೆ, ಇಟ್ಟುಬಿಡುತ್ತಾರೆ. ಚರಣದ ಕಾರ್ಡ್‌ಗಳು ಎಫ್ ಶಾರ್ಪ್ ಮೈನರ್, ಡಿ, ಎ ಎಂದು ಸುತ್ತುತ್ತವೆ. ಸಾಲು ಬಂದು ಕೂರುವುದು ಎ ಮೇಲೆ. ಷಡ್ಜ, ಅಂದರೆ 'ಸ', ಅದೇ. ಮೊದಲ ಕಾರ್ಡ್ ನಿಂತಿರುವುದು ಧೈವತದ ('ದ') ಮೇಲೆ ಎಂದುಕೊಂಡರೆ ಗೊಂದಲವಿಲ್ಲ.

ಇನ್ನು ಗಮಕ, ಅಂದರೆ ಸ್ವರವನ್ನು ಅಲ್ಲಾಡಿಸಿ, ಜಾರಿಸಿ ಹಾಡುವುದು. ಸೋಲೋ ಸಾಲಿನಲ್ಲಿ ಸಣ್ಣ ಜಾರು ಚೆನ್ನಾಗಿಯೇ ಕೇಳುತ್ತದೆ. ಹಾರ್ಮನಿ (ಮೂಲ ಮಟ್ಟಿನ ಜೊತೆಗೇ ಬೇರೆ ಸ್ವರಗಳ ಸಾಲು) ಹಾಡುವವರು ಮಾತ್ರ ಸ್ವರವನ್ನು ನೇರವಾಗಿ ಹಿಡಿಯಬೇಕು. ಒಬ್ಬರು ಗಾಂಧಾರವನ್ನು ಅಲ್ಲಾಡಿಸಿದರೂ ಉಳಿದವರ ಷಡ್ಜಕ್ಕೂ ಅದಕ್ಕೂ ಹೊಂದದೆ, ಐವರೂ ಅಪಸ್ವರ ಹಾಡಿದಂತೆ ಕೇಳುತ್ತದೆ.

ಐದು ಜನರಿದ್ದರೆ ಕೋರಸ್‌ನಲ್ಲಿ ಇಬ್ಬರು ಮೂಲ ಮಟ್ಟು, ಒಬ್ಬರು ಅದರ ಮೇಲಿನ ಮೂರನೇ ಸ್ವರ, ಒಬ್ಬರು ಕೆಳಗಿನ ಸಾಲು. ಐದನೆಯವರು ಸುಮ್ಮನಿರಲಿ. ಕೊನೆಯಲ್ಲಿ ಕೋರಸ್‌ನ ಮೇಲೆ ತೇಲಿಬರುವ ಕೂಗಿನ ಸಾಲುಗಳು ಅವರವು, ಗಂಟಲನ್ನು ಅದಕ್ಕಾಗಿ ಉಳಿಸಿಕೊಳ್ಳಲಿ. ಎಲ್ಲ ಕೋರಸ್‌ನಲ್ಲೂ ಎಲ್ಲರೂ ಜೋರಾಗಿ ಹಾಡುವುದು ನಾನು ಕಂಡಂತೆ ತಂಡಗಳ ದೊಡ್ಡ ಚಟ. ಅಷ್ಟಾದರೂ ರೆಕಾರ್ಡಿನ ಗಾತ್ರ ಬರುವುದಿಲ್ಲ. 1998ರ ಕೊನೆಯಲ್ಲಿ ಸ್ಟಾಕ್‌ಹೋಮ್‌ನ ಶೈರಾನ್ ಸ್ಟುಡಿಯೋದಲ್ಲಿ ಮುದ್ರಣವಾದ ಹಾಡು ಇದು. ಅಲ್ಲಿನವರು ಕೋರಸ್ ದನಿಗಳನ್ನು ಪದರದ ಮೇಲೆ ಪದರ ಕೂರಿಸುವುದರಲ್ಲಿ ನಿಸ್ಸೀಮರು. ಐದು ಮೈಕ್‌ನಲ್ಲಿ ಅದನ್ನು ಹುಡುಕಬೇಡಿ.

"ಸಾಹಿತ್ಯಕ್ಕೆ ಅರ್ಥ ಇದೆಯಾ?" ಎಂಬುದು ಬೆನ್ನಿಗೇ ಬರುವ ಪ್ರಶ್ನೆ. ಸರಿಯಾಗಿ ಇಲ್ಲ. ಬರೆದ ಮ್ಯಾಕ್ಸ್ ಮಾರ್ಟಿನ್, ಆಂಡ್ರಿಯಾಸ್ ಕಾರ್ಲ್‌ಸನ್ ಇಬ್ಬರೂ ಸ್ವೀಡನ್ನಿನವರು. ರೆಕಾರ್ಡ್ ಕಂಪನಿಗೆ ಅರ್ಥ ಸಾಲದೆನ್ನಿಸಿ, ತರ್ಕಬದ್ಧ ಸಾಲುಗಳಿರುವ ಇನ್ನೊಂದು ರೂಪವೂ ಧ್ವನಿಮುದ್ರಣವಾಗಿತ್ತು. ತಂಡ ಹಳೆಯದನ್ನೇ ಹಿಡಿದು ಕೂತಿತು. 1999ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದೂ, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದದ್ದೂ ಅದೇ. ಹಾಡಿ ನೋಡಿದರೆ ಅವರ ಹಟ ಸರಿ ಎನಿಸುತ್ತದೆ. ಕೋರಸ್‌ನಲ್ಲಿ ಎಳೆದು ಹಾಡುವ ತುದಿಗಳು 'ವೈ', 'ಸೇ', 'ವೇ' ಎಂದು ಬಾಯಿ ತೆರೆದು ಮುಗಿಯುತ್ತವೆ, ಎತ್ತರದಲ್ಲಿ ಎಳೆಯಲು ಹೇಳಿ ಮಾಡಿಸಿದ ಅಕ್ಷರಗಳು. ಆದರೆ 'ವೈ' ಎಳೆಯುವಾಗ ಮೊದಲರ್ಧದ ಆಕಾರವನ್ನೇ ಹಿಡಿದಿರಿ, ಇಕಾರವನ್ನು ಕೊನೆಗೆ ಮುಟ್ಟಿಸಿದರೆ ಸಾಕು. ಬೇಗ ಇಕಾರಕ್ಕೆ ಹೋದರೆ ಗಂಟಲು ಬಿಗಿದು ಸ್ವರ ಕೀರಲಾಗುತ್ತದೆ. ಕಿರುಚಾಟ ಎಂದು ನೀವು ಹೇಳುವುದರ ಅರ್ಧ ಪಾಲು ಇದೇ.

ಟ್ರ್ಯಾಕ್ ಬಿಟ್ಟು ಗಿಟಾರ್ ಜೊತೆ ಹಾಡುವವರಿಗೆ ಒಂದು ಅನುಕೂಲವಿದೆ. ಒರಿಜಿನಲ್ ಶ್ರುತಿಗೆ ಎರಡನೇ ಫ್ರೆಟ್‌ನಲ್ಲಿ ಕಾಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಚರಣಕ್ಕೆ ಇ ಮೈನರ್, ಸಿ, ಜಿ ಹಿಡಿದರೆ ಆಯಿತು. ಶ್ರುತಿ ಏರುವಲ್ಲಿ ಕಾಪೋ ಸರಿಸಲು ಸಮಯವಿರುವುದಿಲ್ಲ, ಸರಿಸುವುದೂ ಬೇಡ: ಇ ಮೈನರ್ ಇದ್ದಲ್ಲಿ ಎಫ್ ಶಾರ್ಪ್ ಮೈನರ್, ಸಿ ಇದ್ದಲ್ಲಿ ಡಿ, ಜಿ ಇದ್ದಲ್ಲಿ ಎ ಹಿಡಿಯಿರಿ. ಎರಡು ಸೆಮಿಟೋನ್ ಇಳಿಸಿ ಹಾಡುತ್ತೀರಾದರೆ ಕಾಪೋ ತೆಗೆದಿಡಿ, ಬೆರಳುಗಳ ಜಾಗ ಇವೇ. ಶ್ರುತಿಯ ಬದಲಾವಣೆ ಬರುವುದು ಬ್ರಿಡ್ಜ್ (ಕೊನೆಯ ಕೋರಸ್‌ಗೆ ಮುಂಚಿನ, ಬೇರೆ ಮಟ್ಟಿನ ಭಾಗ) ಮುಗಿದು ವಾದ್ಯ ತೆಳುವಾದಾಗ. ಅಲ್ಲಿ ಆಸರೆಗೆ ಏನೂ ಇರದೆ ಹೊಸ ಶ್ರುತಿ ಹಿಡಿಯುವುದೇ ಕಷ್ಟ. ಗಿಟಾರಿನವರು ಹೊಸ ಷಡ್ಜವನ್ನು ಒಂದು ಬೀಟ್ ಮೊದಲೇ, ಮೆಲ್ಲಗೆ, ದಪ್ಪ ತಂತಿಯಲ್ಲಿ ಮೀಟಿಕೊಡಲಿ.