ಲಿಫ್ಟ್ ಇರುವ ಕೋಟೆಯನ್ನು ನೋಡಬೇಕೆ?

ಜಪಾನಿಗೆ ಹೊರಟ ಪರಿಚಯಸ್ಥರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಒಸಾಕಾ ಕೋಟೆ ಕಾಂಕ್ರೀಟಿನದಂತೆ, ಒಳಗೆ ಲಿಫ್ಟ್ ಬೇರೆ ಇದೆಯಂತೆ, ಅಂಥ ನಕಲಿ ಕೋಟೆಗೆ ಅರ್ಧ ದಿನ ಕೊಡಬೇಕೆ?" ಕಾಂಕ್ರೀಟಿನದು ಎಂಬುದು ನಿಜ, ಲಿಫ್ಟ್ ಇರುವುದೂ ನಿಜ. ನಕಲಿ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ಹೇಳಬೇಕಾದರೆ ಅಸಲು ಯಾವುದೆಂದು ಮೊದಲು ತೋರಿಸಬೇಕು, ಒಸಾಕಾದಲ್ಲಿ ಅದು ಸುಲಭದ ಕೆಲಸವಲ್ಲ.

ಜಪಾನನ್ನು ಒಂದುಗೂಡಿಸಿದ ಸೇನಾನಾಯಕ ತೊಯೊತೊಮಿ ಹಿದೆಯೋಶಿ ಇಲ್ಲಿ ಕೋಟೆ ಕಟ್ಟಿಸಲು ತೊಡಗಿದ್ದು 1583ರಲ್ಲಿ. ಅದಕ್ಕೂ ಮೊದಲು ಈ ದಿಬ್ಬದ ಮೇಲೆ ಇಶಿಯಾಮಾ ಹೊಂಗಾನ್‌ಜಿ ಎಂಬ ಬಲಿಷ್ಠ ಬೌದ್ಧ ಮಠವಿತ್ತು. ಹಿದೆಯೋಶಿಯ ಒಡೆಯ ಓದಾ ನೊಬುನಾಗಾ ಹತ್ತು ವರ್ಷ ಸೆಣಸಿ 1580ರಲ್ಲಿ ಅದನ್ನು ವಶಪಡಿಸಿಕೊಂಡಿದ್ದ. ಜಪಾನೀಯರು ತೆನ್ಶು ಎಂದು ಕರೆಯುವ ಮುಖ್ಯ ಗೋಪುರ 1585ರಲ್ಲಿ ಮುಗಿಯಿತು. ಹಿದೆಯೋಶಿ ಸತ್ತದ್ದು 1598ರಲ್ಲಿ. ಅಧಿಕಾರ ಇನ್ನೊಬ್ಬ ಸೇನಾನಾಯಕ ತೊಕುಗಾವಾ ಇಯೆಯಾಸುವಿನ ಕೈಗೆ ಜಾರಿತು. 1614ರ ಚಳಿಗಾಲದ ಮುತ್ತಿಗೆ ರಾಜಿಯಲ್ಲಿ ಮುಗಿದಾಗ ಇಯೆಯಾಸು ಕೋಟೆಯ ಹೊರಗಂದಕಗಳನ್ನು ಮುಚ್ಚಿಸಿಬಿಟ್ಟನು. ಹೊರಗಂದಕವಿಲ್ಲದ ಕೋಟೆ ಮರುವರ್ಷದ ಬೇಸಿಗೆಯ ಮುತ್ತಿಗೆಯನ್ನು ತಡೆಯಲಾರದೆ ಸುಟ್ಟು ಹೋಯಿತು; ಹಿದೆಯೋಶಿಯ ಮಗ ಹಿದೆಯೋರಿ ಮತ್ತು ಅವನ ತಾಯಿ ಯೊದೊ ಅಲ್ಲಿಯೇ ಪ್ರಾಣ ಕಳೆದುಕೊಂಡರು.

ನನಗೆ ಅತ್ಯಂತ ಕುತೂಹಲದ ಘಟ್ಟ ಇದರ ನಂತರದ್ದು. ಗೆದ್ದ ತೊಕುಗಾವಾ ಮನೆತನ ಹಾಳುಬಿದ್ದ ಕೋಟೆಯನ್ನು ದುರಸ್ತಿ ಮಾಡಿಸಲಿಲ್ಲ, ಅದನ್ನು ಮಣ್ಣಿನಲ್ಲಿ ಹೂತುಹಾಕಿತು. 1620ರಿಂದ ಸುಮಾರು ಹತ್ತು ವರ್ಷ ನಡೆದ ಕೆಲಸದಲ್ಲಿ ಹಿದೆಯೋಶಿಯ ಗೋಡೆಗಳ ಮೇಲೆ ಮಣ್ಣು ಸುರಿದು, ಅದರ ಮೇಲೆ ಇನ್ನೂ ದೊಡ್ಡ ಕೋಟೆಯನ್ನು ಎಬ್ಬಿಸಲಾಯಿತು. ನಾಡಿನ 60ಕ್ಕೂ ಹೆಚ್ಚು ಪಾಳೆಯಗಾರರಿಗೆ ಗೋಡೆಯ ಒಂದೊಂದು ಪಾಲನ್ನು ಹಂಚಿ, ಅವರ ಖರ್ಚಿನಲ್ಲಿ, ಅವರ ಆಳುಗಳಿಂದಲೇ ಕಟ್ಟಿಸಿದರು. ಕೋಟೆಯೂ ಆಯಿತು, ಎದುರು ಬೀಳಬಹುದಾದವರ ಬೊಕ್ಕಸವೂ ಬರಿದಾಯಿತು. ಯಾವ ಕಲ್ಲು ಯಾರದೆಂದು ತಿಳಿಯಲು ಅವರು ಕೆತ್ತಿಸಿದ ಗುರುತುಗಳು ಇಂದಿಗೂ ಗೋಡೆಗಳಲ್ಲಿ ಕಾಣುತ್ತವೆ. ಗಾರೆಯಿಲ್ಲದೆ ಜೋಡಿಸಿದ ಈ ಗೋಡೆಗಳು ಕೆಲವೆಡೆ ಸುಮಾರು 30 ಮೀಟರ್ ಎತ್ತರವಿವೆ. ಸಕುರಾಮೊನ್ ಬಾಗಿಲನ್ನು ದಾಟಿದ ಕೂಡಲೇ ಎದುರಾಗುವ 'ಆಕ್ಟೋಪಸ್ ಕಲ್ಲಿ'ನ ಮುಖವೇ ಸುಮಾರು 60 ಚದರ ಮೀಟರ್, ತೂಕ ಅಂದಾಜು 108 ಟನ್; ಒಕಾಯಾಮಾದ ಇಕೆದಾ ಮನೆತನ ಇದನ್ನು ಒಳನಾಡ ಕಡಲಿನ ಮೂಲಕ ದೋಣಿಯಲ್ಲಿ ಸಾಗಿಸಿ ತಂದಿತ್ತು. ಒಂದು ಮೂಲೆಯ ಕಂದು ಕಲೆ ಆಕ್ಟೋಪಸ್‌ನಂತೆ ಕಾಣುತ್ತದೆಂದು ಆ ಹೆಸರು. ನನಗೆ ಎಷ್ಟು ನೋಡಿದರೂ ಅದು ಕಾಣಿಸಿಲ್ಲ.

ತೊಕುಗಾವಾ ಗೋಪುರ 1626ರಲ್ಲಿ ಮುಗಿದು, 1665ರಲ್ಲಿ ಸಿಡಿಲು ಬಡಿದು ಉರಿದುಹೋಯಿತು. ಆಮೇಲೆ 266 ವರ್ಷ ಅಲ್ಲಿ ಗೋಪುರವೇ ಇರಲಿಲ್ಲ. 1868ರ ಅಂತರ್ಯುದ್ಧದಲ್ಲಿ ಒಳಗಿನ ಅರಮನೆಗಳೂ ಸುಟ್ಟ ಮೇಲೆ ಜಾಗ ಸೈನ್ಯದ ಪಾಲಾಯಿತು, ಪಕ್ಕದಲ್ಲಿ ಮದ್ದುಗುಂಡಿನ ದೊಡ್ಡ ಕಾರ್ಖಾನೆ ಎದ್ದಿತು. 1928ರಲ್ಲಿ ಮೇಯರ್ ಸೆಕಿ ಹಾಜಿಮೆ ಗೋಪುರವನ್ನು ಮತ್ತೆ ಕಟ್ಟೋಣವೆಂದಾಗ ಊರಿನ ಜನ 15 ಲಕ್ಷ ಯೆನ್ ಚಂದಾ ಎತ್ತಿದರು. ಅದರಲ್ಲಿ ಗೋಪುರಕ್ಕೆ ಸಂದದ್ದು ಸುಮಾರು 4.7 ಲಕ್ಷ ಮಾತ್ರ. ಜಾಗ ಸೈನ್ಯದ್ದಾಗಿದ್ದುದರಿಂದ ಅದಕ್ಕೊಂದು ಹೊಸ ಕಚೇರಿ ಕಟ್ಟಿಸಿಕೊಡಲು 8 ಲಕ್ಷ ಹೋಯಿತು. ಆ ಕಚೇರಿ ಗೋಪುರದ ಎದುರಿಗೇ ಇದೆ, ಈಗ ಅದರಲ್ಲಿ ಅಂಗಡಿ ಮತ್ತು ಹೋಟೆಲುಗಳಿವೆ.

1931ರಲ್ಲಿ ಎದ್ದ ಗೋಪುರ ಉಕ್ಕು ಮತ್ತು ಕಾಂಕ್ರೀಟಿನದು, ಎತ್ತರ ಸುಮಾರು 55 ಮೀಟರ್. ತಳದ ಕಲ್ಲುಕಟ್ಟಡ ತೊಕುಗಾವಾದವರದು. ಮೇಲಿನ ಆಕಾರವನ್ನು ಬೇಸಿಗೆಯ ಮುತ್ತಿಗೆಯನ್ನು ಚಿತ್ರಿಸಿದ ಹಳೆಯ ಮಡಿಕೆ ಪರದೆಯೊಂದರಿಂದ ಊಹಿಸಿ ತೆಗೆದುಕೊಂಡರು. ಕೆಳಗಿನ ಅಂತಸ್ತುಗಳು ತೊಕುಗಾವಾ ರೀತಿಯಲ್ಲಿ ಬಿಳಿ, ತುದಿಯ ಅಂತಸ್ತು ಹಿದೆಯೋಶಿಯ ರೀತಿಯಲ್ಲಿ ಕಪ್ಪು, ಮೇಲೆ ಚಿನ್ನದ ಹುಲಿ ಮತ್ತು ಕೊಕ್ಕರೆಗಳು. ಅಸಲಿಗೆ ಹಿದೆಯೋಶಿಯ ಗೋಪುರ ನಿಂತಿದ್ದ ಜಾಗವೂ ಇದಲ್ಲ. ಅವನನ್ನು ಇಂದಿಗೂ 'ತೈಕೋ ಸಾನ್' ಎಂದು ಪ್ರೀತಿಯಿಂದ ಕರೆಯುವ ಒಸಾಕಾದವರು, ಅವನ ವಂಶವನ್ನೇ ಅಳಿಸಿದವರ ತಳಪಾಯದ ಮೇಲೆ ಅವನ ಗೋಪುರವನ್ನು ಕೂರಿಸಿದ್ದಾರೆ. ಹೀಗಿರುವಾಗ ಇದು ಯಾವುದರ ನಕಲು? ಮೊದಲ ಗೋಪುರ ಬಾಳಿದ್ದು 30 ವರ್ಷ, ಎರಡನೆಯದು 39 ವರ್ಷ. ಮೂರನೆಯದಾದ ಈ ಕಾಂಕ್ರೀಟ್ ಗೋಪುರ 90 ವರ್ಷ ದಾಟಿದೆ. 1945ರ ಆಗಸ್ಟ್ 14ರಂದು, ಯುದ್ಧ ಮುಗಿಯುವ ಹಿಂದಿನ ದಿನ, ಪಕ್ಕದ ಕಾರ್ಖಾನೆಯ ಮೇಲೆ ಬಾಂಬುಗಳು ಸುರಿದಾಗಲೂ ಅದು ಉಳಿಯಿತು. 1997ರಲ್ಲಿ ಸರ್ಕಾರ ಅದನ್ನು ಸಾಂಸ್ಕೃತಿಕ ಆಸ್ತಿಯೆಂದು ನೋಂದಾಯಿಸಿತು, ಕಾಂಕ್ರೀಟ್ ಮತ್ತು ಲಿಫ್ಟ್ ಸಮೇತ.

ಆದರೂ ಹಳೆಯ ಮರದ ಮೆಟ್ಟಿಲು, ತೊಲೆ, ಕತ್ತಲೆಯ ಮೊಗಸಾಲೆ ನೋಡಲೇಬೇಕೆಂದರೆ ಒಸಾಕಾದಲ್ಲಿ ಅವು ಸಿಗುವುದಿಲ್ಲ. ಹಳೆಯ ಗೋಪುರ ಉಳಿದಿರುವ ಹನ್ನೆರಡು ಕೋಟೆಗಳಲ್ಲಿ ಒಂದಾದ ಹಿಮೆಜಿ ರೈಲಿನಲ್ಲಿ ಒಂದು ಗಂಟೆಯ ದಾರಿ, ಅಲ್ಲಿಗೆ ಹೋಗಿ. ಒಸಾಕಾದ ಗೋಪುರದ ಒಳಗೆ ಇರುವುದು ವಸ್ತುಸಂಗ್ರಹಾಲಯ. ನೂಕುನುಗ್ಗಲಿದ್ದರೆ ಅದನ್ನು ಬಿಟ್ಟರೂ ನಷ್ಟವಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಿಡಬಾರದ್ದು ನೆಲದ ಕೆಳಗಿದೆ. 1959ರ ಶೋಧದಲ್ಲಿ ಮಣ್ಣಿನಡಿ ಹಿದೆಯೋಶಿಯ ಕಾಲದ ಕಲ್ಲುಗೋಡೆ ಮೊದಲ ಬಾರಿ ಪತ್ತೆಯಾಯಿತು. ಅದೇ ಕಾಲದ ಇನ್ನೊಂದು ಗೋಡೆಯ ಭಾಗವನ್ನು ಅಗೆದು ತೆಗೆದ ಜಾಗದಲ್ಲೇ ಕಟ್ಟಿದ ಪ್ರದರ್ಶನಾಲಯ 2025ರ ಏಪ್ರಿಲ್‌ನಲ್ಲಿ ತೆರೆದಿದೆ. ತೊಕುಗಾವಾ ಗೋಡೆಗಳ ನಯವಾದ ಚಪ್ಪಡಿಗಳನ್ನು ನೋಡಿ ಬಂದ ಕಣ್ಣಿಗೆ ಈ ಕಲ್ಲುಗಳು ಒರಟಾಗಿ ಕಾಣುತ್ತವೆ, ಸಿಕ್ಕಿದ್ದನ್ನೆಲ್ಲ ತಂದು ಪೇರಿಸಿದ ಹಾಗೆ. ಬೇರೆ ಕಟ್ಟಡಗಳಿಂದ ಕಿತ್ತು ತಂದ ಕಲ್ಲುಗಳೂ ನಡುವೆ ಸೇರಿವೆ. ಆದ್ದರಿಂದ ಮೊದಲು ಕಂದಕದ ಅಂಚಿನಲ್ಲಿ ಒಂದು ಸುತ್ತು ನಡೆದು, ಸಕುರಾಮೊನ್ ಮೂಲಕ ಒಳಬಂದು, ಮೆಟ್ಟಿಲಿಳಿದು ಆ ಗೋಡೆಯ ಮುಂದೆ ನಿಲ್ಲಿ. ಲಿಫ್ಟಿನ ಸಾಲಿಗೆ ಆಮೇಲೆ ಹೋದರಾಯಿತು.