ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಗೊತ್ತಾಗಲ್ವಾ?

ಇಲ್ಲ, ಗೊತ್ತಾಗಲ್ಲ. ಬಿಸಿ ಗೊಬ್ಬರದಲ್ಲಿ ಬದುಕುವ ಬ್ಯಾಕ್ಟೀರಿಯಾಗಳನ್ನು ಡಿಎನ್‌ಎಯಿಂದ ಗುರುತಿಸುವುದು ನನ್ನ ಕೆಲಸ ಅಂದ ಕೂಡಲೇ ಎಲ್ಲರೂ ಇದನ್ನೇ ಕೇಳುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಸಣ್ಣ ಸಣ್ಣ ಕಡ್ಡಿಗಳು. ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತವರನ್ನು ಮಹಡಿ ಮೇಲಿಂದ ನೋಡಿ ಯಾರದು ಯಾವ ಊರು ಅಂತ ಹೇಳ್ತೀರಾ? ಬೆಳೆಸಿ ನೋಡೋಣ ಅಂದ್ರೆ, ಅವಕ್ಕೆ ಬೇಕಾದ 60 ಡಿಗ್ರಿಯಲ್ಲಿ ತಟ್ಟೆಯೊಳಗಿನ ಅಗಾರ್, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಒಣಗಿ ಹಪ್ಪಳವಾಗುತ್ತದೆ. ಎಷ್ಟೋ ಜಾತಿಗಳು ನಾವು ಕೊಟ್ಟಿದ್ದನ್ನು ತಿನ್ನುವುದೂ ಇಲ್ಲ.

ಗದಗಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಸೋದರಮಾವ ಜೋರಾಗಿ ಕೇಳಿದರು: "ಏನವಾ, ಎಂಎಸ್ಸಿ ಮಾಡಿ ತಿಪ್ಪಿ ಕೆದರ್ತೀಯಂತ? ಕೋಳಿನೂ ಅದನ್ನ ಮಾಡ್ತದಲ್ಲ!" ಇಡೀ ಪಂಕ್ತಿ ನಕ್ಕಿತು. ನನಗೆ ಹುಗ್ಗಿ ಗಂಟಲಲ್ಲಿ ಇಳಿಯಲಿಲ್ಲ. ಅವತ್ತು ಸುಮ್ನಿದ್ದೆ, ಈಗ ಹೇಳ್ತೀನಿ ಮಾವ, ಕೋಳಿಗೆ ಡಿಎನ್‌ಎ ನಕಲು ಮಾಡೋ ಪಿಸಿಆರ್ ಬರಲ್ಲ.

ಗೊಬ್ಬರದಿಂದ ಡಿಎನ್‌ಎ ತೆಗೆದರೆ ಮೊದಲು ಸಿಗುವುದು ಡಿಕಾಕ್ಷನ್‌ನಂಥ ಕಂದು ನೀರು. ಅದರಲ್ಲಿರುವ ಹ್ಯೂಮಿಕ್ ಆಮ್ಲ ಪಿಸಿಆರನ್ನು ಹಾಳು ಮಾಡುತ್ತದೆ, ಹಾಗಾಗಿ ತೊಳೆಯುವುದರಲ್ಲೇ ಅರ್ಧ ದಿನ. ಆಮೇಲೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನನ್ನು ನಕಲು ಮಾಡಿ ಓದುತ್ತೇವೆ. ಸುಮಾರು 1,500 ಅಕ್ಷರ. ಕೆಲವು ಭಾಗ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ, ಕೆಲವು ಭಾಗ ಕುಲದಿಂದ ಕುಲಕ್ಕೆ ಬೇರೆ. ನಕಲು ಮಾಡುವಾಗ ಪ್ರತಿ ಸುತ್ತಿನಲ್ಲೂ 95 ಡಿಗ್ರಿಗೆ ಕಾಯಿಸಬೇಕು. ಆ ಬಿಸಿ ತಾಳಿಕೊಂಡು ನಕಲು ಮಾಡುವ ಟ್ಯಾಕ್ ಕಿಣ್ವ ಮೊದಲು ಸಿಕ್ಕಿದ್ದೂ ಬಿಸಿ ಇಷ್ಟಪಡುವ ಒಂದು ಬ್ಯಾಕ್ಟೀರಿಯಾದಲ್ಲೇ, ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಥರ್ಮಸ್ ಅಕ್ವಾಟಿಕಸ್. ಹಾವಿನ ಹೆಜ್ಜೆ ಹಾವೇ ಬಲ್ಲದು, ಅಲ್ವಾ?

ನನಗೆ ಬೇಕಿದ್ದ ಪ್ರಶ್ನೆ ಕೇಳಿದ್ದು ಅಣ್ಣಿಗೇರಿಯ ನಮ್ಮ ಆಯಿ ಮಾತ್ರ. ಚಳಿಗಾಲದ ಬೆಳಿಗ್ಗೆ ಅವಳ ತಿಪ್ಪೆಯಿಂದ ಹಬೆ ಏಳುತ್ತಿತ್ತು, ಒಳಗೆ ಥರ್ಮಾಮೀಟರ್ 62 ತೋರಿಸಿತ್ತು. ಅದೇ ಗೊಬ್ಬರದಲ್ಲಿ ಸಿಕ್ಕ ಹೆಸರುಗಳನ್ನು ಆಮೇಲೆ ಓದಿ ಹೇಳಿದೆ: ಜಿಯೋಬ್ಯಾಸಿಲಸ್, ಥರ್ಮೋಬೈಫಿಡಾ, ಥರ್ಮಸ್. ಆಯಿ ಎಲ್ಲ ಕೇಳಿಸಿಕೊಂಡು, "ಇವರೊಳಗ ದುಡಿಯಾವ್ರು ಯಾರು, ಸುಮ್ನ ಮಲಗಿದವ್ರು ಯಾರು?" ಅಂದಳು.

ಡಿಎನ್‌ಎ ಅದನ್ನು ಹೇಳಲ್ಲ. ಸತ್ತವುಗಳದ್ದೂ ಬರುತ್ತದೆ, ಬೀಜಾಣುವಾಗಿ ಮಲಗಿದವುಗಳದ್ದೂ ಬರುತ್ತದೆ. ದುಡಿಯುವವರು ಬೇಕಂದ್ರೆ ಆರ್‌ಎನ್‌ಎ, ಅಂದ್ರೆ ಕೆಲಸ ಮಾಡುವಾಗ ಜೀವಕೋಶ ಜೀನಿನಿಂದ ತೆಗೆಯುವ ನಕಲು, ನೋಡಬೇಕು. ಅದು ಬಹಳ ಬೇಗ ಮುರಿದು ಹೋಗುತ್ತದೆ, ಗೊಬ್ಬರ ತೆಗೆದ ಕೂಡಲೇ ಹೆಪ್ಪುಗಟ್ಟಿಸಬೇಕು. ಅಣ್ಣಿಗೇರಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹಾಗೆ ತರೋಕೆ ನನಗಿನ್ನೂ ಆಗಿಲ್ಲ.