‘ಮಾಯ್ತಾ ಇದೆ’ ಅಂದ ಮೇಲಿನ ಐದು ನಿಮಿಷ

ಭಾನುವಾರ ಸಂಜೆ ಸರ್ಟಿಫಿಕೇಟ್ ಬಂತು. ಮಂಗಳವಾರ ಬೆಳಿಗ್ಗೆ ಅದರ ಮರ್ಯಾದೆ ಹೋಯಿತು.

ನಮ್ಮಂಥ ಪಶುವೈದ್ಯರಿಗೆ ಎರಡು ದಿನದ ಸಿಇ, ಅಂದರೆ ವೃತ್ತಿಯಲ್ಲಿರುವವರ ಮುಂದುವರಿದ ಕಲಿಕೆಯ ಕೋರ್ಸ್, ಪೂರ್ತಿ ಕಣ್ಣಿನ ಮೇಲೆ. ಮ್ಯಾನೇಜ್‌ಮೆಂಟ್‌ಗೆ ಬೇಕಿದ್ದದ್ದು ಕೋರ್ಸ್ ಮುಗಿಸಿದರೆ ಸಿಗುವ ಪಾಯಿಂಟ್, ಕಳಿಸಿದ್ದೂ ಅದಕ್ಕೇ. ವೆಟ್ ಲ್ಯಾಬ್ ಅಂತ, ಕೈಯಾರೆ ಮಾಡಿ ಕಲಿಯಲು, ನಲವತ್ತು ನಿಮಿಷ ಇಟ್ಟಿದ್ದರು. ಇಪ್ಪತ್ತು ಜನಕ್ಕೆ ಕಣ್ಣು ನೋಡುವ ಸೂಕ್ಷ್ಮದರ್ಶಕ, ಸ್ಲಿಟ್ ಲ್ಯಾಂಪ್, ಒಂದೇ. ನನ್ನ ಸರದಿ ಬರುವಷ್ಟರಲ್ಲಿ ಹಂದಿಯ ಕಣ್ಣು ಒಣಗಿ ಮಂಜಾಗಿತ್ತು, ಏನೂ ಕಾಣಲಿಲ್ಲ. ಉಳಿದದ್ದೆಲ್ಲ ಸ್ಲೈಡ್. ಕೊನೆಗೆ ಕ್ವಿಜ್, 20ಕ್ಕೆ 19. ನಾನೂ ಸ್ವಲ್ಪ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಮೊದಲ ಕೇಸೇ ಕಣ್ಣು. ಏಳು ವರ್ಷದ ಪಗ್, ಬಲಗಣ್ಣು ಅರ್ಧ ಮುಚ್ಚಿದೆ, ಕೆಂಪಾಗಿದೆ, ಅಂಟು ಅಂಟು ಪಿಸುರು. ಹತ್ತು ದಿನದಿಂದ ಹೀಗೇ ಇದೆಯಂತೆ. ಹಿಂದೆ ಯಾವಾಗಲೋ ಕಿವಿಗೆ ಕೊಟ್ಟಿದ್ದ ಹನಿ ಮನೆಯಲ್ಲಿ ಉಳಿದಿತ್ತಂತೆ, ಅದನ್ನೇ ಹಾಕಿದ್ದಾರೆ. ಬೈಯೋಣ ಅನ್ನಿಸಿತು, ಬೈಯಲಿಲ್ಲ.

ಕೋರ್ಸ್‌ನಲ್ಲಿ ಹೇಳಿಕೊಟ್ಟ ಕ್ರಮವನ್ನೇ ಹಿಡಿದೆ. ಮೊದಲು ಶಿರ್ಮರ್, ಕಾಗದದ ಪಟ್ಟಿಯಿಟ್ಟು ಕಣ್ಣೀರು ಅಳೆಯುವ ಪರೀಕ್ಷೆ, ಯಾಕೆಂದರೆ ಬೇರೆ ಯಾವ ಹನಿ ಬಿದ್ದರೂ ಆ ಲೆಕ್ಕ ಕೆಡುತ್ತದೆ. ಒಂದು ನಿಮಿಷಕ್ಕೆ ಎಡಗಣ್ಣು 8 ಮಿಲಿಮೀಟರ್, ಬಲಗಣ್ಣು 9. ನಾಯಿಗೆ 15 ಆದರೂ ಇರಬೇಕು. ಅದೂ ನೋವಿಗೆ ನೀರು ಸುರಿಯಬೇಕಾದ ಕಣ್ಣಲ್ಲಿ ಬರೀ 9! ಕಣ್ಣು ಒಣಗಿದೆ, ಒಣಗಿದ್ದಕ್ಕೆ ಅಲ್ಸರ್, ಅಂದರೆ ಹುಣ್ಣು, ಆಗಿದೆ. ಕಥೆ ಎಷ್ಟು ಚೆನ್ನಾಗಿ ಕೂಡಿಕೊಂಡಿತು ಅಂದರೆ, ಅಲ್ಲಿಂದ ಮುಂದೆ ನಾನು ಕಣ್ಣನ್ನು ನೋಡುತ್ತಿರಲಿಲ್ಲ, ನನ್ನ ಕಥೆಯನ್ನೇ ನೋಡುತ್ತಿದ್ದೆ ಅನ್ನಿಸುತ್ತದೆ ಈಗ.

ಆಮೇಲೆ ಫ್ಲೋರೆಸಿನ್ ಪಟ್ಟಿ, ಗಾಯವಾದ ಕಡೆ ಹಸಿರಾಗಿ ಹಿಡಿಯುವ ಬಣ್ಣ. ತೊಳೆದೆ, ದೀಪ ಆರಿಸಿದೆ, ನೀಲಿ ಟಾರ್ಚ್ ಹಿಡಿದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ ಹಸಿರು ಉಂಗುರ ಹೊಳೆಯಿತು. ಬಳೆಯ ಹಾಗೆ ದುಂಡಗೆ. ನಡುವೆ ಬಣ್ಣ ಹಿಡಿದಿಲ್ಲ.

ಅದನ್ನು ನೋಡಿ ನನಗೆ ಸಮಾಧಾನವಾಯಿತು, ನೋಡಿ. ಸಮಾಧಾನ! ನಡುವೆ ಬಣ್ಣ ಹಿಡಿದಿಲ್ಲ ಅಂದರೆ ನಡುವೆ ಮೇಲ್ಪದರ ಮುಚ್ಚಿಕೊಂಡಿದೆ, ಅಂಚು ಮಾತ್ರ ಉಳಿದಿದೆ ಅಂತ ಓದಿಕೊಂಡೆ. ನಾಯಿಯ ಯಜಮಾನಿಗೆ ಹೇಳಿಯೂಬಿಟ್ಟೆ, “ಗಾಯ ಮಾಯ್ತಾ ಇದೆ, ಹೆದರಬೇಡಿ.” ಅವರ ಮುಖ ಅರಳಿತು. ಕೇಸ್ ಶೀಟ್‌ನಲ್ಲಿ ಆ್ಯಂಟಿಬಯಾಟಿಕ್ ಮುಲಾಮು ಅಂತ ಅರ್ಧ ಬರೆದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದು ಮಾತು. ಕೆಂಪು ಕಣ್ಣು ಬಂದರೆ ಕಣ್ಣೊಳಗಿನ ಒತ್ತಡ ನೋಡದೆ ಕಳಿಸಬೇಡಿ ಅಂತ ಕೋರ್ಸ್‌ನಲ್ಲಿ ಅಂದಿದ್ದರಲ್ಲ, ಅದನ್ನು ಅಳೆಯುವ ಟೋನೋಮೀಟರ್ ತೆಗೆದೆ. ನಮ್ಮದು ರೀಬೌಂಡ್, ಸಣ್ಣ ಪ್ರೋಬ್ ಕಾರ್ನಿಯಾಕ್ಕೆ ತಟ್ಟಿ ವಾಪಸ್ ಬರುವ ಬಗೆಯದು, ಮರಗಟ್ಟಿಸುವ ಹನಿ ಬೇಡ. ಅದರ ಪ್ರೋಬ್ ಎಂದೂ ಸ್ಟಾಕ್ ಇರುವುದಿಲ್ಲ, ಅವತ್ತು ದುರದೃಷ್ಟಕ್ಕೆ ಒಂದು ಸಿಕ್ಕಿತು. ಪಗ್ ಕೊಸರಾಡತೊಡಗಿತು. “ಗಟ್ಟಿಯಾಗಿ ಹಿಡಿಯಮ್ಮ” ಅಂದೆ ನರ್ಸ್‌ಗೆ. ಅವಳು ಕಾಲರ್ ಹಿಡಿದಳು. ನಾಯಿ ಗೊರ ಗೊರ ಸದ್ದು ಮಾಡಿತು, ಕಣ್ಣು ಇನ್ನಷ್ಟು ಹೊರಗೆ ಬಂದ ಹಾಗೆ ಕಂಡಿತು. ಪ್ರೋಬಿನ ತುದಿಗೂ ಕಾರ್ನಿಯಾಕ್ಕೂ ಒಂದು ಬೆರಳಿನಷ್ಟು ದೂರ.

“ಮೇಡಂ, ನಡುವೆ ಕಪ್ಪಗಿದೆಯಲ್ಲ, ಅದು ಪಾಪೆನಾ? ಪಾಪೆ ಇನ್ನೂ ಮೇಲಿದೆಯಲ್ವಾ?” ಅಂದಳು ನರ್ಸ್.

ಕೈ ಅಲ್ಲೇ ನಿಂತಿತು.

ಟಾರ್ಚನ್ನು ಪಕ್ಕದಿಂದ ಹಿಡಿದು, ನಾನೂ ಪಕ್ಕಕ್ಕೆ ಬಗ್ಗಿ ನೋಡಿದೆ. ಮುಂದಿನಿಂದ ಸಮತಟ್ಟಾಗಿ ಕಂಡದ್ದು ಪಕ್ಕದಿಂದ ಗುಂಡಿ. ಗುಂಡಿಯ ತಳದಲ್ಲಿ ಕಪ್ಪು ಗಾಜಿನಂಥದ್ದು ಚೂರು ಉಬ್ಬಿದೆ. ಭಾನುವಾರ ಊಟವಾದ ಮೇಲೆ, ಅರ್ಧ ಹಾಲ್ ತೂಕಡಿಸುತ್ತಿದ್ದಾಗ ತೋರಿಸಿದ ಸ್ಲೈಡ್ ಇದೇ. ಕಾರ್ನಿಯಾದ ದಪ್ಪ ನಡುಪದರ ಸ್ಟ್ರೋಮಾ ಬಣ್ಣ ಹಿಡಿಯುತ್ತದೆ, ಅದರ ಕೆಳಗಿನ ಡೆಸೆಮೆಟ್ ಪೊರೆ ಹಿಡಿಯುವುದಿಲ್ಲ. ಹಾಗಾಗಿ ಸುತ್ತಲೂ ಹಸಿರು, ನಡುವೆ ಖಾಲಿ. ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪದ ಕಾರ್ನಿಯಾ ಪೂರ್ತಿ ಕೊರೆದುಹೋಗಿ, ಕಣ್ಣೊಳಗಿನ ನೀರನ್ನು ತಡೆದು ನಿಂತಿರುವುದು ಕೂದಲೆಳೆಗಿಂತ ತೆಳುವಾದ ಒಂದು ಪೊರೆ. ಡೆಸೆಮೆಟೊಸೀಲ್. ಕ್ವಿಜ್‌ನಲ್ಲಿ ಈ ಪ್ರಶ್ನೆ ಇತ್ತು. ನಾನು ತಪ್ಪು ಮಾಡಿದ್ದು ಇದಲ್ಲ, ಬೇರೆ ಯಾವುದೋ.

“ಕಾಲರ್ ಬಿಡು. ನಿಧಾನಕ್ಕೆ. ಕುತ್ತಿಗೆ ಮುಟ್ಟಬೇಡ.” ದನಿ ಹೇಗೆ ಬಂತೋ ಗೊತ್ತಿಲ್ಲ. ಕುತ್ತಿಗೆ ಒತ್ತಿದರೆ ಕಣ್ಣಿನ ಒತ್ತಡ ಏರುತ್ತದೆ, ಅದನ್ನೂ ಹೇಳಿಕೊಟ್ಟಿದ್ದರು. ಅವಳು ಒಂದೊಂದೇ ಬೆರಳು ಬಿಡಿಸಿದಳು. ಪಗ್ ಒಂದು ಸಲ ಜೋರಾಗಿ ಸೀನಿತು. ಇಬ್ಬರೂ ಕಣ್ಣನ್ನೇ ನೋಡಿದೆವು. ಇಲ್ಲ, ನೀರು ಸೋರಲಿಲ್ಲ. ಕಾಲರ್ ಬಿಚ್ಚಿದೆವು, ಸಡಿಲವಾಗಿ ಕೋನ್ ಹಾಕಿದೆವು. ಬರೆದಿದ್ದ ಮುಲಾಮು ಹೊಡೆದುಹಾಕಿ ಹನಿ ಅಂತ ಬರೆದೆ. ತೂತಾದರೆ ಮುಲಾಮಿನ ಜಿಡ್ಡು ಕಣ್ಣೊಳಗೇ ಹೋಗುತ್ತದೆ. ರೆಫರಲ್ ಆಸ್ಪತ್ರೆಗೆ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದರು, “ಈಗಲೇ ಕಳಿಸಿ” ಅಂದರು.

ಇಷ್ಟೆಲ್ಲ ಆದ ಮೇಲೆ ಯಜಮಾನಿ ಕಡೆ ತಿರುಗಬೇಕಿತ್ತಲ್ಲ. ಇವತ್ತಿಗೂ ಚುಚ್ಚುವುದು ಅದೇ. ಐದು ನಿಮಿಷದ ಹಿಂದೆ ಮಾಯ್ತಾ ಇದೆ ಅಂದಿದ್ದೆ. ಈಗ, “ಇವತ್ತೇ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಕಣ್ಣು ಒಡೆಯಬಹುದು.” ಅವರು ನನ್ನನ್ನೇ ನೋಡಿದರು. “ಆಗಲೇ ಬೇರೆ ಹೇಳಿದ್ರಿ?” ‘ಇನ್ನೊಮ್ಮೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು’ ಅನ್ನುವ ನಯವಾದ ವಾಕ್ಯ ಬಾಯಿಗೆ ಬಂದಿತ್ತು. ನರ್ಸ್ ಪಕ್ಕದಲ್ಲೇ ನಿಂತಿದ್ದಳು, ಅವಳೆದುರು ಅದನ್ನು ಹೇಳಲಾಗಲಿಲ್ಲ. “ಮೊದಲು ನಾನು ತಪ್ಪು ತಿಳಿದೆ. ಅದನ್ನು ಕಂಡುಹಿಡಿದದ್ದು ಇವಳು” ಅಂದೆ. ಅವರು ಏನೂ ಅನ್ನದೆ ನಾಯಿಯನ್ನು ಎತ್ತಿಕೊಂಡು ಹೊರಟರು.

ಸಂಜೆಯೇ ಆಪರೇಷನ್ ಆಯಿತು. ಬಿಳಿಗುಡ್ಡೆಯ ಮೇಲಿನ ಪೊರೆಯನ್ನೇ ಎಳೆದು ಗುಂಡಿಯ ಮೇಲೆ ಹೊಲಿದರಂತೆ. ಕಣ್ಣು ಉಳಿಯಿತು, ನಡುವೆ ಒಂದು ಗುಲಾಬಿ ತೇಪೆ ಇದೆ. ಒಣಗಣ್ಣಿಗೆ ಜೀವನಪೂರ್ತಿ ಔಷಧಿ ಬೇರೆ. ಆ ಭಾಗ ಮಾತ್ರ ನಾನು ಸರಿಯಾಗಿ ಹೇಳಿದ್ದೆ.

ಈಗ ಬಣ್ಣ ಹಾಕುವ ಮೊದಲೇ ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತೇನೆ, ಕೇಸ್ ಶೀಟ್‌ನಲ್ಲಿ ಒಂದು ಗುಂಡು ಬರೆದು ಎಲ್ಲಿ ಹಸಿರು, ಎಲ್ಲಿ ಇಲ್ಲ ಅಂತ ಗೀಚುತ್ತೇನೆ. ಗೀಚುವಾಗ ‘ಇಲ್ಲಿ ಯಾಕಿಲ್ಲ’ ಅಂತ ಕೈಯೇ ಕೇಳುತ್ತದೆ. ಆಳವಾದ ಗಾಯ ಕಂಡರೆ ಟೋನೋಮೀಟರ್ ಪೆಟ್ಟಿಗೆಯಲ್ಲೇ ಇರುತ್ತದೆ. ಇದೆಲ್ಲ ಕೋರ್ಸ್ ನೋಟ್ಸ್‌ನಲ್ಲೂ ಇದೆ, 14ನೇ ಪುಟ, ಆಮೇಲೆ ತೆಗೆದು ನೋಡಿದೆ.

ಮುಂದಿನ ಕಣ್ಣಿನ ಕೋರ್ಸಿಗೆ ಫಾರ್ಮ್ ಬಂದಾಗ ನರ್ಸ್ ಹೆಸರನ್ನೂ ಬರೆದು ಕಳಿಸಿದೆ. ಫಾರ್ಮ್ ವಾಪಸ್ ಬಂತು. ಅವಳ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಸಾಲು, ‘ಇವರಿಗೆ ಪಾಯಿಂಟ್ ಬೇಕಿಲ್ಲವಲ್ಲ?’ ರಬ್ಬರಿನಿಂದ ಅಳಿಸಿ, ಅದೇ ಫಾರ್ಮನ್ನು ಮತ್ತೆ ಕಳಿಸಿದ್ದೇನೆ.